ರಬ್ಬರ್ ಬ್ಯಾಂಡ್ ಹಾಕಿಕೊಂಡು ಬೆಳೆದ ಕೆಸು

ನನ್ನ ಅತ್ತೆಗೆ ಸುಮ್ಮನೆ ನಡೆಯಲು ಬರುವುದಿಲ್ಲ. ಅವರ ಪ್ರಕಾರ ನಡೆದರೆ ಎಲ್ಲಿಗಾದರೂ ತಲುಪಬೇಕು, ತಲುಪಿದ ಮೇಲೆ ಅಲ್ಲೊಂದು ಕೆಲಸ ಇರಬೇಕು, ತಿರುಗಿ ಬರುವಾಗ ಕೈಯಲ್ಲಿ ಏನಾದರೂ ಇರಬೇಕು. ಹೂವೋ, ಹಾಲೋ, ಏನೂ ಸಿಗದಿದ್ದರೆ ಬಚ್ಚಲ ಒಲೆಗೆ ನಾಲ್ಕು ಒಣ ಕಡ್ಡಿಯೋ. ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಬರುವುದಕ್ಕೆ ನಾವೆಲ್ಲ ವಾಕಿಂಗ್ ಎಂದರೆ ಅವರು ತಲೆ ಕೆಟ್ಟದ್ದು ಎನ್ನುತ್ತಾರೆ. ಕೋಪರಖೈರಣೆಯ ನಮ್ಮ ಬಾಲ್ಕನಿಯಲ್ಲಿ ಕೂತು, ಬೆಳಿಗ್ಗೆ ಬೂಟು ಹಾಕಿ ಕೈ ಬೀಸುತ್ತ ಹೋಗುವವರನ್ನು ನೋಡಿ, "ಪಾಪ, ಅವರಿಗೆ ಮನೇಲಿ ಎಂತದೂ ಕೆಲ್ಸ ಇಲ್ವಾ?" ಎಂದು ನಿಜವಾದ ಮರುಕದಿಂದ ಕೇಳುತ್ತಿದ್ದರು.

ಅವರು ಬಂದದ್ದು ಹದಿನೈದು ದಿನ ಇದ್ದು ಹೋಗಲು. ಉಡುಪಿ ಹತ್ತಿರ, ಕಡಲ ಬದಿಯ ಊರಿನಲ್ಲಿ ದೊಡ್ಡ ಮಗ, ದೊಡ್ಡ ಸೊಸೆ, ಮನೆ ತುಂಬ ಮಕ್ಕಳು, ಎಲ್ಲರನ್ನೂ ಬಿಟ್ಟು ಚಿಕ್ಕ ಮಗನ ಸಂಸಾರ ನೋಡಲು ರೈಲು ಹತ್ತಿದ್ದರು. ಬಂದ ಮೊದಲ ವಾರವೇ ನಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಬಲಗಾಲಿನ ಎಲುಬು ಮುರಿದುಕೊಂಡರು. ಅತ್ತೆ ಬರುತ್ತಾರೆಂದು ಆ ಬಚ್ಚಲನ್ನು ಜೀವಮಾನದಲ್ಲೇ ಮೊದಲ ಸಲ ಕನ್ನಡಿಯಂತೆ ತಿಕ್ಕಿದವಳು ನಾನು. ಮೊದಲಿನ ಹಾಗೆ ಕೊಳಕಾಗಿಯೇ ಬಿಟ್ಟಿದ್ದರೆ ಕಾಲು ಹಿಡಿದು ನಿಲ್ಲಲು ಒಂದಿಷ್ಟು ಪಾಚಿಯ ಒರಟಾದರೂ ಇರುತ್ತಿತ್ತು ಎಂದು ಗಂಡ ಹೇಳಿದರು. ಅದಕ್ಕೆ ನಾನು ಎರಡು ದಿನ ಅವರೊಂದಿಗೆ ಮಾತು ಬಿಟ್ಟಿದ್ದೆ.

ಪ್ಲಾಸ್ಟರ್ ಹಾಕಿದರು, ತೆಗೆದರು. ಎಲುಬು ಕೂಡಿಕೊಂಡಿತ್ತು. ಕೂಡದೆ ಉಳಿದದ್ದು ಧೈರ್ಯ. ಅತ್ತೆ ಬಲಗಾಲನ್ನು ಕೋಲಿನ ಹಾಗೆ ನೇರ ಚಾಚಿ ಕುರ್ಚಿಯಲ್ಲಿ ಕೂತರೆಂದರೆ ಊಟಕ್ಕೂ ಅಲ್ಲೇ, ಟಿವಿಗೂ ಅಲ್ಲೇ. ಡಾಕ್ಟರರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, "ಮಾಜೀ, ಹಡ್ಡೀ ಏಕ್‌ದಮ್ ಠೀಕ್ ಹೈ. ಅಬ್ ಡರ್ ನಿಕಾಲೋ. ನಹೀಂ ಚಲೋಗೀ ತೋ ಘುಟ್ನಾ ಐಸಾ ಹೀ ರಹ್ ಜಾಯೇಗಾ" ಎಂದು ಹೆದರಿಕೆ ಬಿಟ್ಟು ನಡೆಯಲು ಹೇಳಿದರು. ದಿನಾ ನಡೆಸಿ, ಮಳೆಗಾಲ ಮುಗಿಯುವುದರೊಳಗೆ ಮಂಡಿ ಮಡಚದಿದ್ದರೆ ಆಮೇಲೆ ಮಡಚುವುದು ಕಷ್ಟ ಎಂದು ನನಗೂ ಬೇರೆಯಾಗಿ ಹೇಳಿದರು. ಅತ್ತೆ ಹೊರಗೆ ಬಂದು, "ಒಳ್ಳೆ ಹುಡುಗ. ಆದ್ರೆ ನಡೀಲಿಕ್ಕೆ ಎಲ್ಲಿಗೆ ಅಂತ ಹೇಳ್ಲೇ ಇಲ್ಲ" ಎಂದರು.

ಅವರು ನಡೆಯಬೇಕೆಂಬ ಆಸೆ ನನಗೆ ಎಲ್ಲರಿಗಿಂತ ಹೆಚ್ಚಿತ್ತು. ಕಾರಣ ಪ್ರೀತಿ ಎಂದು ಬರೆದರೆ ನನ್ನನ್ನು ಬಲ್ಲವರು ನಗುತ್ತಾರೆ. ನಡೆದರೆ ರೈಲು ಹತ್ತುತ್ತಾರೆ, ಹತ್ತಿದರೆ ಊರಿಗೆ ಹೋಗುತ್ತಾರೆ, ಹೋದರೆ ನನ್ನ ಅಡಿಗೆಮನೆ ನನಗೆ ಸಿಗುತ್ತದೆ. ನಾನು ಬಾಗಲಕೋಟೆ ಕಡೆಯವಳು, ಬೆಳೆದದ್ದು ಡೊಂಬಿವಲಿಯಲ್ಲಿ. ನೌಕರಿ ಸಿಕ್ಕಿದ ಮೇಲೆ ವಾಶಿಯ ಆಫೀಸಿನ ಎದುರಿದ್ದ ಉಡುಪಿ ಹೋಟೆಲಿನಲ್ಲಿ ದಿನಾ ಊಟ ಮಾಡಿ ಮಾಡಿ ಕೊನೆಗೆ ಅದರ ಮಾಲೀಕರನ್ನೇ ಮದುವೆಯಾದೆ. ಅತ್ತೆ ಬಂದ ಮೇಲೆ ನಮ್ಮ ಮನೆಯ ಸಾರಿಗೆ ಬೆಲ್ಲ ಬಿತ್ತು, ಪಲ್ಯಕ್ಕೆ ಬೆಲ್ಲ ಬಿತ್ತು. ಕುರ್ಚಿಯಲ್ಲಿ ಕೂತೇ ಅವರು ಹೊರಡಿಸುತ್ತಿದ್ದ ಆಜ್ಞೆಗಳಿಂದಾಗಿ ನನ್ನ ಶೇಂಗಾ ಚಟ್ನಿಪುಡಿಯ ಡಬ್ಬಿ ಫ್ರಿಜ್ಜಿನ ಮೇಲಿಂದ ಅಟ್ಟಕ್ಕೆ ಗಡೀಪಾರಾಯಿತು. ಒಂದೇ ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಇಬ್ಬರು ಹೆಂಗಸರಿಗೆ ಬೇಕಾದಷ್ಟು ಗಾಳಿ ಇರುವುದಿಲ್ಲ.

ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಗೆ ಹೋಗೋಣ ಎಂದವಳು ಮಗಳು. ಆಗ ಅವಳಿಗೆ ಹನ್ನೊಂದು ವರ್ಷ. ಹುಟ್ಟುಹಬ್ಬಕ್ಕೆ ಬೈನಾಕ್ಯುಲರ್ ಸಿಕ್ಕಿದಂದಿನಿಂದ ಅವಳೊಬ್ಬ ಸಂಶೋಧಕಿ. ಕನ್ನಡ, ತುಳು ಎರಡೂ ಅರ್ಥವಾಗುತ್ತವೆ, ಉತ್ತರ ಮಾತ್ರ ಹಿಂದಿಯಲ್ಲಿ. "ಸಂಡೇ ಕೋ ಟ್ರೆಕ್! ಅಜ್ಜೀ ಭೀ ಚಲೇಗೀ!" ಎಂದು ಘೋಷಿಸಿದಳು. ನಮ್ಮ ಸೆಕ್ಟರಿನ ಹಿಂದೆ ಖಾಡಿಗೂ ಊರಿಗೂ ನಡುವೆ ಒಂದು ಮಣ್ಣಿನ ಏರಿಯಿದೆ. ಏರಿಯ ಒಂದು ಬದಿಗೆ ಸಮುದ್ರದ ಉಪ್ಪು ನೀರು ಬಂದು ಹೋಗುವ ಕೆಸರು, ಅದರಾಚೆ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಹಸಿರು ಗೋಡೆ. ಇನ್ನೊಂದು ಬದಿಗೆ ಊರಿನ ಮಳೆನೀರು ಹರಿಯುವ ನಾಲೆ. ಮಳೆನೀರು ಎಂಬುದು ಅದರ ಗೌರವದ ಹೆಸರು. ಅದರಲ್ಲಿ ಇನ್ನೇನೇನು ಹರಿಯುತ್ತದೆಂದು ಮೂಗಿಗೆ ಗೊತ್ತು.

ನನ್ನ ಗಂಡನಿಗೆ ಯಾವ ವಿಷಯ ಹೇಳಿದರೂ ಮೊದಲು ಬರುವ ಪ್ರಶ್ನೆ "ಎಷ್ಟು ಜನ?" ಎಂಬುದು. ನಾಲ್ಕು ಜನ, ಅರ್ಧ ಮೈಲು ದಾರಿ ಎಂದೆ. ಆ ಭಾನುವಾರ ಬೆಳಿಗ್ಗೆ ಅವರು ಹೋಟೆಲಿನಿಂದ ಇಡ್ಲಿ, ವಡೆ, ಎರಡು ಬಗೆಯ ಚಟ್ನಿ, ಸಾಂಬಾರಿನ ಕ್ಯಾರಿಯರ್, ಕಾಫಿಯ ಫ್ಲಾಸ್ಕು, ಸ್ಟೀಲಿನ ಲೋಟಗಳು ಮತ್ತು ಟೇಬಲ್ ಒರೆಸುವ ಬಟ್ಟೆಯನ್ನು ಹೊತ್ತುಕೊಂಡು ಬಂದರು. ಹೊರಗೆ ಒರೆಸಲು ಟೇಬಲ್ ಎಲ್ಲಿದೆ ಎಂದು ನಾನು ಕೇಳಿದೆ. "ಇರ್ಲಿ, ಬಟ್ಟೆ ಇಲ್ಲದೆ ನಂಗೆ ಕೈ ಓಡುದಿಲ್ಲ" ಎಂದರು. ರಿಕ್ಷಾದಿಂದ ಇಳಿದು, ಊರುಗೋಲೂರಿ ಏರಿಯ ಮೇಲೆ ಹತ್ತಿದ ಕೂಡಲೇ ಅತ್ತೆ ಎದುರಿಗಿದ್ದ ಮೊದಲ ಕಲ್ಲುಬೆಂಚಿನಲ್ಲಿ ಕೂತು ಕಾಲು ಚಾಚಿದರು. "ಆಯ್ತಲ್ಲ, ನೋಡಿ ಆಯ್ತು. ನೀರುಂಟು, ಕೆಸರುಂಟು. ಇನ್ನು ಮನೆಗೆ ಹೋಗುವ" ಎಂದರು. ಗಂಡ ಬೆಂಚನ್ನು ಒರೆಸಿ ಇಡ್ಲಿ ಬಡಿಸಿದರು. ಮಗಳು ಬೈನಾಕ್ಯುಲರಿನಲ್ಲಿ ಒಂದು ಬೆಳ್ಳಕ್ಕಿಯನ್ನು ನೋಡುತ್ತ ತಟ್ಟೆಯಲ್ಲಿದ್ದ ವಡೆಯನ್ನು ನಾಯಿಗೆ ಒಪ್ಪಿಸಿದಳು. ನಮ್ಮ ಟ್ರೆಕ್ಕು ಹೀಗೆ ಮುಗಿಯಿತು ಎಂದುಕೊಂಡು ನಾನು ಲೋಟಗಳನ್ನು ಚೀಲಕ್ಕೆ ಹಾಕತೊಡಗಿದೆ.

ಆಗಲೇ ಅತ್ತೆ ಎದ್ದು ನಿಂತರು. ಕುತ್ತಿಗೆಯನ್ನು ನಾಲೆಯ ಕಡೆಗೆ ಚಾಚಿ, "ತೇವು!" ಎಂದರು. ತುಳುವಿನಲ್ಲಿ ಕೆಸುವಿಗೆ ತೇವು ಎನ್ನುತ್ತಾರೆ. ನಾಲೆಯ ಅಂಚಿನಲ್ಲಿ, ಮಳೆ ಬಿದ್ದು ಸೊಕ್ಕಿದ ಅಗಲ ಎಲೆಗಳ ಹಿಂಡೇ ಇತ್ತು. ನಾವು ನೋಡುತ್ತಿದ್ದಂತೆ ಅತ್ತೆ ಊರುಗೋಲನ್ನು ಕಂಕುಳಲ್ಲಿ ಇಟ್ಟುಕೊಂಡು, ಹೌದು, ಕಂಕುಳಲ್ಲಿ, ಏರಿಯ ಉದ್ದಕ್ಕೂ ಸರಸರನೆ ನಡೆದುಬಿಟ್ಟರು. "ಆಟಿ ತಿಂಗ್ಳಿಡೀ ಪತ್ರೊಡೆ ಇಲ್ಲದೆ ಹೋಯ್ತಲ್ಲ ಅಂತ ನಾನು ಗ್ರಹಿಸ್ತಾ ಇದ್ದೆ. ಇಲ್ಲಿ ನೋಡಿದ್ರೆ ಕೇಳುವವರೇ ಇಲ್ಲದೆ ಹಾಳಾಗ್ತಾ ಉಂಟು!" ಎಂದರು. ಕಡಲ ಬದಿಯವರಿಗೆ ಮಳೆಗಾಲದಲ್ಲಿ, ಅದರಲ್ಲೂ ಆಟಿ ಎಂಬ ಆಷಾಢದ ತಿಂಗಳಲ್ಲಿ, ಕೆಸುವಿನ ಎಲೆಗೆ ಮಸಾಲೆ ಹಿಟ್ಟು ಸವರಿ, ಸುತ್ತಿ, ಹಬೆಯಲ್ಲಿ ಬೇಯಿಸಿದ ಪತ್ರೊಡೆ ಒಮ್ಮೆಯಾದರೂ ಆಗಲೇಬೇಕು. ಇಲ್ಲದಿದ್ದರೆ ಆ ವರ್ಷದ ಮಳೆ ಬಂದದ್ದೇ ಲೆಕ್ಕಕ್ಕಿಲ್ಲ.

ಗಂಡನೂ ನಾನೂ ಒಬ್ಬರ ಮುಖ ಒಬ್ಬರು ನೋಡಿದೆವು. ಹದಿಮೂರು ವರ್ಷದ ದಾಂಪತ್ಯದಲ್ಲಿ ನಮಗಿಬ್ಬರಿಗೂ ಒಂದೇ ವಿಚಾರ ಒಂದೇ ಹೊತ್ತಿಗೆ ಹೊಳೆದ ಸಂದರ್ಭಗಳು ಕಡಿಮೆ. ಅತ್ತೆಗೆ ನಡೆಯಲು ಒಂದು ಕೆಲಸ ಸಿಕ್ಕಿತ್ತು.

ಆದರೆ ಆ ನಾಲೆಯ ಎಲೆಯನ್ನು ತಿನ್ನುವವರು ಯಾರು? ಅದರ ನೀರು ಎಲ್ಲೆಲ್ಲಿಂದ ಬರುತ್ತದೆಂದು ಹೇಳಿದರೆ ಅತ್ತೆ ಅದರ ಕಡೆ ಮತ್ತೆ ತಿರುಗಿ ನೋಡುವುದಿಲ್ಲ. ನೋಡದಿದ್ದರೆ ನಡೆಯುವುದೂ ಇಲ್ಲ. ಗಂಡ ಹೋಟೆಲಿನ ಜಾಣತನ ಉಪಯೋಗಿಸಿದರು. ಅವರು ದಿನಾ ಮುಂಜಾನೆ ವಾಶಿಯ ದೊಡ್ಡ ಮಾರ್ಕೆಟ್ಟಿಗೆ ಹೋಗಿ ತರಕಾರಿ ತರುವವರು. ಮರಾಠಿಯವರು ಅಳೂ ಎನ್ನುವ, ಪತ್ರೊಡೆಯಂಥ ಅಳೂವಡಿ ಮಾಡುವ ಕೆಸುವಿನ ಎಲೆ ಅಲ್ಲಿ ಕಟ್ಟುಕಟ್ಟಾಗಿ ಬಂದು ಬೀಳುತ್ತದೆ. ಅತ್ತೆ ಕೊಯ್ದ ಎಲೆಗಳನ್ನು ನಾನು ತೊಳೆಯುತ್ತೇನೆಂದು ಅಡಿಗೆಮನೆಗೆ ಒಯ್ದು ಕಸದ ಡಬ್ಬಿಗೆ ತುರುಕುವುದು, ಗಂಡ ಹೋಟೆಲಿಂದ ತರಿಸಿದ ಮಾರ್ಕೆಟ್ಟಿನ ಎಲೆಗಳನ್ನು ಒರೆಸಿ ಅದೇ ಬುಟ್ಟಿಯಲ್ಲಿ ಇಡುವುದು. ಕುರ್ಚಿಯಲ್ಲಿ ಕೂತಿದ್ದ ಅತ್ತೆಗೆ ಗೊತ್ತಾಗಲಿಲ್ಲ. ಆ ದಿನ ಅವರೇ ಕೂತು ಹಿಟ್ಟು ಸವರಿ ಪತ್ರೊಡೆ ಮಾಡಿಸಿದರು. ಸ್ವಲ್ಪ ಹುಳಿ ಮುಂದಾಗಿತ್ತು. ಅದನ್ನು ಬಿಟ್ಟರೆ ಅಷ್ಟು ರುಚಿಯ ಪತ್ರೊಡೆಯನ್ನು ನಾನು ತಿಂದಿರಲಿಲ್ಲ, ತಿಂದಿಲ್ಲವೆಂದು ಬಾಯಿಬಿಟ್ಟು ಹೇಳಲೂ ಇಲ್ಲ. ಅತ್ತೆ ಒಂದು ಚೂರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದು, "ಹ್ಞಾಂ" ಎಂದಷ್ಟೇ ಹೇಳಿದರು.

ಮುಂದಿನ ಭಾನುವಾರದಿಂದ ಅವರೇ ಬೆಳಿಗ್ಗೆ ಎದ್ದು ಚೀಲ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಮೊದಲ ಬೆಂಚಿನ ಹತ್ತಿರದ ಕೆಸು ಮುಗಿಯಿತು, ಎರಡನೇ ಬೆಂಚಿಗೆ ಹೋದೆವು. ಅಲ್ಲಿ ಮುಗಿಯಿತು, ಪಂಪ್‌ಹೌಸಿನ ತನಕ ಹೋದೆವು. ಕಾಲು ಸಡಿಲಾಗತೊಡಗಿತು, ಆದರೆ ಮಂಡಿ ಮಾತ್ರ ಪೂರ್ತಿ ಮಡಚಲಿಲ್ಲ. ಎಲೆಯನ್ನು ನಿಂತೇ ಬಾಗಿ ಕೊಯ್ಯುತ್ತಿದ್ದರು, ಬಾಗಲಾಗದ್ದನ್ನು ನನ್ನಿಂದ ಕೊಯ್ಯಿಸುತ್ತಿದ್ದರು. ಕುಕ್ಕರಗಾಲಿನಲ್ಲಿ ಕೂರಿ ಎಂದರೆ ಮುಖ ಬಿಳಿಚುತ್ತಿತ್ತು. "ಕೂತ್ರೆ ಏಳುದು ಹೇಗೆ? ಮತ್ತೆ ಮುರಿದ್ರೆ?" ಎನ್ನುತ್ತಿದ್ದರು. ಆ ಮಾತಿನಲ್ಲಿ ತಮಾಷೆ ಇರಲಿಲ್ಲ. ಈಗಷ್ಟೇ ಬಿದ್ದೆ ಎಂದು ಆವತ್ತು ನನಗೆ ಹೇಳಿದ್ದರು. ನಿಜಕ್ಕೂ ಮಧ್ಯಾಹ್ನವೇ ಬಚ್ಚಲಲ್ಲಿ ಬಿದ್ದು, ಎದ್ದೇಳಲಾಗದೆ, ನಾನು ಆಫೀಸಿಂದ ಬರುವ ತನಕ ಒದ್ದೆ ನೆಲದ ಮೇಲೆ ಒಬ್ಬರೇ ಮಲಗಿದ್ದರಂತೆ. ಅದನ್ನು ಅವರು ಹೇಳಿದ್ದು ಪಂಪ್‌ಹೌಸಿನ ಹತ್ತಿರ, ನನ್ನೊಬ್ಬಳಿಗೆ. ಮಗನಿಗೆ ಹೇಳಬೇಡ ಎಂದರು.

ಆ ನಡಿಗೆಗಳಲ್ಲಿ ಗಂಡ ಮತ್ತು ಮಗಳು ಮುಂದೆ, ಅತ್ತೆ ಮತ್ತು ನಾನು ಹಿಂದೆ. ಒಂದೇ ದೊಡ್ಡ ಕೊಂಡಿಯಿರುವ ಏಡಿ ಅದನ್ನು ಮೇಲೆತ್ತಿ ಬೀಸಿದರೆ ಮಗಳು ಅದು ಹೆಣ್ಣನ್ನು ಕರೆಯುತ್ತಿದೆ ಎಂದು ಪುಸ್ತಕದ ಮಾತು ಹೇಳುತ್ತಿದ್ದಳು. ಅತ್ತೆ, "ಹೌದು, ನಿನ್ನ ಅಜ್ಜನೂ ಹೀಗೇ. ಕೈ ಬೀಸುದೇ ಬೀಸುದು, ಹತ್ರ ಹೋದ್ರೆ ಬಿಲದೊಳಗೆ" ಎನ್ನುತ್ತಿದ್ದರು. ನನಗೆ ನೀರೆಂದರೆ ನಲ್ಲಿಯಲ್ಲಿ ಬೆಳಿಗ್ಗೆ ಬಂದು ಹೋಗುವ ವಸ್ತು. ಕೆಸರಿನಲ್ಲಿ ಮೀನು ಕಾಲಿದ್ದಂತೆ ತೆವಳುವುದನ್ನು ನೋಡಿ ನಾನು ಕಿರುಚಿದಾಗ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಮನೆಯೊಳಗೆ ಬೆಲ್ಲದ ವಿಷಯಕ್ಕೆ ಮುಖ ತಿರುಗಿಸಿಕೊಳ್ಳುತ್ತಿದ್ದ ನಾವಿಬ್ಬರೂ ಏರಿಯ ಮೇಲೆ ಚೆನ್ನಾಗಿಯೇ ಇರುತ್ತಿದ್ದೆವು. ಬಯಲಿನಲ್ಲಿ ಗಾಳಿ ಧಾರಾಳವಾಗಿದ್ದುದರಿಂದ ಇರಬಹುದು ಎಂದುಕೊಂಡೆ.

ಒಂದು ಶನಿವಾರ ಸಂಜೆ ಗಂಡ ಹೋಟೆಲಿಂದ ಬರುವ ದಾರಿಯಲ್ಲಿ ಏರಿಯ ಕಡೆ ಹಣಕಿ ನೋಡಿ ಬಂದು, ನನ್ನನ್ನು ಬಾಲ್ಕನಿಗೆ ಕರೆದು ಪಿಸುಗುಟ್ಟಿದರು. ಸೊಳ್ಳೆ ಹೆಚ್ಚಾಯಿತೆಂದು ನಾಲೆಯನ್ನು ಸಾಫ್ ಮಾಡಿಸಿದ್ದಾರೆ. ಉದ್ದಕ್ಕೂ ಒಂದು ಎಲೆ ಇಲ್ಲ, ಹುಲ್ಲಿಲ್ಲ, ಎರಡೂ ಬದಿಗೆ ಕೆಂಪು ಮಣ್ಣು ಕೆರೆದು ಕಲ್ಲು ಸುರಿದಿದ್ದಾರೆ. ನಾಳೆ ಅತ್ತೆ ಅದನ್ನು ನೋಡಿದರೆ ಕುರ್ಚಿಗೆ ಮರಳಿ ಕಾಲು ಚಾಚುತ್ತಾರೆ, ಮಂಡಿ ಹಾಗೇ ಉಳಿಯುತ್ತದೆ. ಮಳೆಗಾಲವೂ ಕೊನೆಗೆ ಬಂದಿತ್ತು.

"ಒಂದು ಐಡಿಯಾ ಉಂಟು" ಎಂದರು.

"ಬ್ಯಾಡ್ರೀ" ಎಂದೆ. ಅವರ ಐಡಿಯಾಗಳು ಹೋಟೆಲಿನ ಅಡಿಗೆಮನೆಯೊಳಗೆ ಮಾತ್ರ ಸರಿಹೋಗುತ್ತವೆ.

ಭಾನುವಾರ ಮಾರ್ಕೆಟ್ಟಿನಿಂದ ಅವರು ನೇರ ಏರಿಗೇ ಬಂದರು. ನಾನು ಹಾಲು ತರುವ ನೆಪ ಹೇಳಿ, ಗುಟ್ಟು ಬಿಟ್ಟುಕೊಡದಂತೆ ಮಗಳನ್ನೂ ಎಬ್ಬಿಸಿ ಕರೆದುಕೊಂಡು ಹೋಗಿದ್ದೆ. ಅವರ ಸ್ಕೂಟರಿನ ಮೇಲೆ ಗೋಣಿಚೀಲದಲ್ಲಿ ಉದ್ದ ದಂಟಿನ ಕೆಸುವಿನ ಎಲೆಗಳು. ದಂಟುಗಳನ್ನು ಕಟ್ಟುಕಟ್ಟಾಗಿ ಕೂಡಿಸಿ ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕಿತ್ತು. ಪಂಪ್‌ಹೌಸಿನಿಂದ ಸ್ವಲ್ಪ ಮುಂದೆ ಅವುಗಳನ್ನು ಗಿಡದಂತೆ ನೆಟ್ಟುಬಿಡುವುದು, ಅಮ್ಮನನ್ನು ಅಲ್ಲಿಯ ತನಕ ನಡೆಸಿಕೊಂಡು ಬಂದು "ಅಗೋ!" ಎನ್ನುವುದು ಐಡಿಯಾ.

ಮಗಳು ಸೊಂಟದ ಮೇಲೆ ಕೈಯಿಟ್ಟು, "ಪಪ್ಪಾ, ಯೇ ನೇಚರ್ ಕೇ ಸಾಥ್ ಚೀಟಿಂಗ್ ಹೈ" ಎಂದಳು. "ಅಜ್ಜೀ ಕೇ ಸಾಥ್ ಭೀ."

"ಅಜ್ಜಿಯ ಕಾಲಿಗೆ ಮದ್ದು ಮಗಾ ಇದು" ಎಂದು ಗಂಡ ತೋಳು ಮಡಚಿದರು.

ನಾಲೆಯ ಬದಿಯಲ್ಲಿ ಕಲ್ಲು, ಬೆರಳು ಇಳಿಯಲಿಲ್ಲ. ಇನ್ನೊಂದು ಬದಿಯ ಖಾಡಿಯಲ್ಲಿ ನೀರು ದೂರ ಸರಿದಿತ್ತು, ಮೆತ್ತನೆಯ ಕಪ್ಪು ಕೆಸರು ಬೆಣ್ಣೆಯ ಹಾಗೆ ಕಾಯುತ್ತಿತ್ತು. ಗಂಡ ಪ್ಯಾಂಟು ಮೇಲೆತ್ತಿ ಆ ಬದಿಗೆ ಇಳಿದರು. ಒಂದೊಂದು ಕಟ್ಟನ್ನೂ ಬುಡ ಹೂತು, ಎಲೆ ಮೇಲ್ಮುಖ ಮಾಡಿ, ಒಂದಕ್ಕೊಂದು ಸಮ ಅಂತರ ಬಿಟ್ಟು, ಸಾಲಾಗಿ ನೆಟ್ಟರು. ಬಾಳೆಲೆ ಹಾಕಿದ ಪಂಕ್ತಿ ಇದ್ದಂತೆ ಇತ್ತು. ಕಾಡಿನಲ್ಲಿ ಗಿಡ ಹೀಗೆ ಲೈನಿನಲ್ಲಿ ಬೆಳೆಯುವುದಿಲ್ಲ ಎಂದು ಹೇಳಿದೆ. ಎರಡು ಕಟ್ಟುಗಳನ್ನು ಮನಸ್ಸಿಲ್ಲದ ಮನಸ್ಸಿನಿಂದ ಸ್ವಲ್ಪ ಸೊಟ್ಟ ಮಾಡಿದರು. ರಬ್ಬರ್ ಬ್ಯಾಂಡ್ ತೆಗೆಯಿರಿ ಎಂದೆ. "ತೆಗೆದ್ರೆ ಒಂದೊಂದು ಎಲೆ ಒಂದೊಂದು ದಿಕ್ಕಿಗೆ ಬೀಳ್ತದೆ. ಕೆಸರೊಳಗೆ ಹೂತದ್ದು ಯಾರಿಗೆ ಕಾಣ್ತದೆ?" ಎಂದರು. ಹೊತ್ತು ಬಂದಾಗ ಅವರ ವಾದ ಗಟ್ಟಿಯಾಗಿಯೇ ಇರುತ್ತದೆ.

ವಾಕಿಂಗಿಗೆ ಬಂದ ಒಬ್ಬ ಹಿರಿಯರು ಮೇಲಿಂದ ನೋಡುತ್ತ ನಿಂತರು. "ಕಾಯ ಲಾವತಾಯ?" ಏನು ನೆಡುತ್ತಿದ್ದೀರಿ ಎಂದು ಕೇಳಿದರು.

"ಅಳೂ" ಎಂದರು ಗಂಡ.

"ಅಳೂ? ಇಥೇ? ಖಾಡೀತ?" ಎಂದು ಆ ಹಿರಿಯರು ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು. ಅಷ್ಟರಲ್ಲಿ ಹಿಂದಿನಿಂದ ಬಂದ ಟ್ರ್ಯಾಕ್‌ಸೂಟಿನ ಹೆಂಗಸೊಬ್ಬರು, ನಾವು ಪರಿಸರ ಉಳಿಸುತ್ತಿದ್ದೇವೆಂದು ತಿಳಿದು, ಚಪ್ಪಾಳೆ ತಟ್ಟಿ ಮೊಬೈಲಿನಲ್ಲಿ ಫೋಟೋ ತೆಗೆದರು. ಗಂಡ ಕೆಸರಿನ ಕೈಯಲ್ಲೇ ನಮಸ್ಕಾರ ಮಾಡಿದರು. ಹಿರಿಯರು ತಲೆ ಅಲ್ಲಾಡಿಸುತ್ತ ಹೊರಟುಹೋದರು. "ಇವರಿಗೆ ಕೆಸುವಿನ ವಿಷಯ ಎಂತ ಗೊತ್ತುಂಟು" ಎಂದು ಗಂಡ ನನ್ನ ಹತ್ತಿರ ಹೇಳಿದರು.

ಮನೆಗೆ ಹೋಗಿ ಕಾಲು ತೊಳೆದು, ತಿಂಡಿ ಮುಗಿಸಿ, ಮಳೆಯ ಒಂದು ಹೊಡೆತ ನಿಲ್ಲುವ ತನಕ ಕಾದು ಹೊರಟಾಗ ಹೊತ್ತು ಏರಿತ್ತು. ಮೊದಲ ಬೆಂಚಿನ ಹತ್ತಿರ ಅತ್ತೆ ನಿಂತು ಬೋಳಿಸಿದ ನಾಲೆಯನ್ನು ನೋಡಿದರು. ಊರುಗೋಲನ್ನು ನೆಲಕ್ಕೆ ಕುಟ್ಟಿ, "ಮುಗೀತಲ್ಲ. ಇನ್ನು ಎಂತಕ್ಕೆ ಹೋಗುದು?" ಎಂದರು.

"ಮುಂದೆ ಉಂಟಮ್ಮ, ಮುಂದೆ ತುಂಬ ಉಂಟು" ಎಂದರು ಗಂಡ, ಅವಸರವಾಗಿ. "ಮೊನ್ನೆ ನಾನೇ ನೋಡಿದ್ದೇನೆ."

ಅತ್ತೆ ಮಗನ ಮುಖ ನೋಡಿದರು. ನನ್ನ ಮುಖ ನೋಡಿದರು. ಮಗಳು ಬೈನಾಕ್ಯುಲರನ್ನು ಕಣ್ಣಿಗೆ ಒತ್ತಿ ಹಿಡಿದು ಆಕಾಶದಲ್ಲಿ ಏನೂ ಇಲ್ಲದ ಕಡೆ ನೋಡುತ್ತಿದ್ದಳು. "ಸರಿ, ಹೋಗುವ" ಎಂದು ಅತ್ತೆ ಮುಂದೆ ನಡೆದರು. ಎರಡನೇ ಬೆಂಚು ದಾಟಿದರು, ಪಂಪ್‌ಹೌಸು ದಾಟಿದರು, ಎಲ್ಲಿಯೂ ಕೂರಲಿಲ್ಲ. ಗಂಡ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಗೆದ್ದೆವು ಎಂದು ಅದರ ಅರ್ಥ.

ಏರಿಯ ತಿರುವು ದಾಟಿದೆವು. ಕೆಸರು ಇರಲಿಲ್ಲ. ಬೆಳಿಗ್ಗೆ ನಾವು ನಿಂತು ನೆಟ್ಟಿದ್ದ ಜಾಗವೇ ಇರಲಿಲ್ಲ. ಕಾಂಡ್ಲಾ ಗಿಡಗಳ ಸೊಂಟದ ತನಕ, ಏರಿಯ ಬುಡದ ಕಲ್ಲುಗಳ ತನಕ ಕಂದು ಬಣ್ಣದ ನೀರು ತುಂಬಿಕೊಂಡು ತುಳುಕುತ್ತಿತ್ತು. ಭರತ ಬಂದಿತ್ತು. ಸಮುದ್ರದ ನೀರು ದಿನಕ್ಕೆರಡು ಸಲ ಹೀಗೆ ಏರಿ ಇಳಿಯುತ್ತದೆಂಬುದು ಬಾಗಲಕೋಟೆಯ ನನಗೆ ತಿಳಿದಿರಲಿಲ್ಲ, ಅದು ಕ್ಷಮಿಸಬಹುದಾದ ವಿಷಯ. ನನ್ನ ಗಂಡ ಹುಟ್ಟಿದ ಮನೆಯ ಜಗಲಿಯಿಂದ ಕಡಲು ಕಾಣುತ್ತದೆ.

ಮಗಳಿಗೆ ತಡೆದುಕೊಳ್ಳಲಾಗಲಿಲ್ಲ. "ಅಜ್ಜೀ, ದೇಖೋ ದೇಖೋ! ಪೌಧೇ ತೈರ್ ರಹೇ ಹೈಂ!"

ನಿಜವಾಗಿಯೂ ಈಜುತ್ತಿದ್ದವು. ಹಸಿರು ಎಲೆಗಳ ಒಂದೊಂದು ಕಟ್ಟೂ ಬುಡಕ್ಕೆ ಕೆಂಪು ರಬ್ಬರ್ ಬ್ಯಾಂಡ್ ಹಾಕಿಕೊಂಡು, ದಂಟು ಮೇಲೆ ಮಾಡಿ, ನಿಧಾನಕ್ಕೆ ತಿರುಗುತ್ತ ನಮ್ಮ ಕಡೆಗೇ ಬರುತ್ತಿತ್ತು. ಒಂದರ ಮೇಲೆ ಬೆಳ್ಳಕ್ಕಿಯೊಂದು ಕೂರಲು ನೋಡಿ, ಭಾರಕ್ಕೆ ಅದು ಮುಳುಗಿದ್ದರಿಂದ ಬೈದುಕೊಂಡು ಹಾರಿಹೋಯಿತು. ಗಂಡ ಚೀಲದಿಂದ ಟೇಬಲ್ ಒರೆಸುವ ಬಟ್ಟೆ ತೆಗೆದು ಮುಖ ಒರೆಸಿಕೊಂಡರು.

"ಮಾಣೀ" ಎಂದರು ಅತ್ತೆ. ನಲವತ್ತೈದು ದಾಟಿದ, ತಲೆಯ ಮುಂಭಾಗ ಬೋಳಾದ, ಒಂದು ಹೋಟೆಲಿನ ಮಾಲೀಕರಾದ ನನ್ನ ಗಂಡನನ್ನು ಅವರು ಹೀಗೆಯೇ ಕರೆಯುವುದು. "ಕಡಲ ಬದಿ ಹುಟ್ಟಿದವ ನೀನು. ಉಪ್ಪುನೀರಿನಲ್ಲಿ ಕೆಸು ನೆಡ್ತಾರಾ?"

"ಅಲ್ಲಮ್ಮ, ಅದು ಬೇರೆ ಯಾರೋ..." ಎಂದು ಅವರು ಶುರುಮಾಡಿದರು.

"ಬಾಯಿ ಮುಚ್ಚು. ಹುಟ್ಟಿದಾಗಿಂದ ನಿಂಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ನಿನಗೂ ಬರುದಿಲ್ಲ. ಮೊದಲ್ನೇ ಆದಿತ್ಯವಾರವೇ ನಂಗೆ ಗೊತ್ತಾಯ್ತು. ನಾಲೆಯ ಕಾಡುಕೆಸು ಗಂಟಲು ತುರಿಸ್ತದೆ ಅಂತ ನಾನು ಹುಣಸೆಹುಳಿ ಜಾಸ್ತಿ ಹಾಕಿಸಿದೆ. ತಿಂದ್ರೆ ತುರಿಕೆಯೇ ಇಲ್ಲ, ಬರೇ ಹುಳಿ. ಪೇಟೆಯ ಎಲೆ ಅಂತ ಆಗಲೇ ಗೊತ್ತಾಯ್ತು."

"ಮತ್ತ ಅತ್ತಿ," ನನ್ನ ಬಾಯಿಂದ ಬಂದುಬಿಟ್ಟಿತು, "ಗೊತ್ತಿದ್ದೂ ಯಾಕ ಬಂದ್ರಿ ಇಷ್ಟ್ ವಾರ?"

"ಮಾರಾಯ್ತಿ, ನೀವು ಮೂರು ಜನ ಅಷ್ಟು ಕಷ್ಟಪಟ್ಟು ಸುಳ್ಳು ಹೇಳುವಾಗ ಬಾರದೆ ಇರುದು ಹೇಗೆ?"

ನನಗೆ ನಗು ಬಂತೋ ಅಳು ಬಂತೋ ಈಗಲೂ ಸರಿಯಾಗಿ ಹೇಳಲಾರೆ. ಎರಡೂ ಬಂದಿದ್ದವು. ಅಷ್ಟರಲ್ಲಿ ಎಲೆಯ ಕಟ್ಟೊಂದು ತೇಲಿ ಬಂದು ಏರಿಯ ಬುಡದ ಕಲ್ಲಿಗೆ ತಾಗಿ, ತಿರುಗಿ ಹೊರಗೆ ಹೋಗತೊಡಗಿತು. "ಅಯ್ಯೋ, ಅಯ್ಯೋ, ಹಿಡೀರಿ ಮಾರಾಯ್ರೆ! ಒಳ್ಳೆ ಎಲೆ!" ಎಂದು ಅತ್ತೆ ಕೂಗಿದರು. ನಾವು ಮೂವರೂ ಇನ್ನೂ ಸಿಕ್ಕಿಬಿದ್ದ ನಾಚಿಕೆಯಲ್ಲೇ ನಿಂತಿದ್ದೆವು. ಅತ್ತೆ ಕಾಯಲಿಲ್ಲ. ಏರಿಯ ಮೆಟ್ಟಿಲಿನಂಥ ಕಲ್ಲಿನ ಮೇಲೆ ಎರಡು ಹೆಜ್ಜೆ ಇಳಿದರು, ಸೀರೆಯ ನೆರಿಗೆಯನ್ನು ಮಂಡಿಗಳ ನಡುವೆ ಸಿಕ್ಕಿಸಿ, ಕುಕ್ಕರಗಾಲಿನಲ್ಲಿ ಕೂತುಬಿಟ್ಟರು. ಊರುಗೋಲನ್ನು ತಿರುಗಿಸಿ ಅದರ ಬಗ್ಗಿದ ಹಿಡಿಯಿಂದ ರಬ್ಬರ್ ಬ್ಯಾಂಡಿಗೆ ಕೊಕ್ಕೆ ಹಾಕಿ ಕಟ್ಟನ್ನು ಎಳೆದರು. ಅದನ್ನು ಹಿಂದಕ್ಕೆ ಎಸೆದು ಮುಂದಿನದಕ್ಕೆ ಕೋಲು ಚಾಚಿದರು.

ಬಲಮಂಡಿ ಪೂರ್ತಿ ಮಡಚಿತ್ತು. ಹಿಮ್ಮಡಿ ತೊಡೆಗೆ ತಾಗುವಷ್ಟು.

ಗಂಡ ನನ್ನ ತೋಳು ಹಿಡಿದರು. "ಮಾತಾಡ್ಬೇಡ" ಎಂದು ಪಿಸುಗುಟ್ಟಿದರು, ಮಾತಾಡಿದರೆ ಮಂಡಿಗೆ ನೆನಪಾಗಿಬಿಡುತ್ತದೆ ಎನ್ನುವ ಹಾಗೆ. ಮಗಳು ಬೈನಾಕ್ಯುಲರನ್ನು ನಾಲ್ಕು ಮಾರು ದೂರದಲ್ಲಿದ್ದ ಅಜ್ಜಿಯ ಮಂಡಿಗೆ ಹಿಡಿದು ನೋಡುತ್ತಿದ್ದಳು. ಅತ್ತೆ ತಿರುಗಿ, "ಎಂತ ನೋಡುದು ಮೂರು ಜನ? ಚೀಲ ಹಿಡೀರಿ!" ಎಂದು ಗದರಿಸಿದರು. ಗಂಡ ಓಡಿಹೋಗಿ ಚೀಲ ಹಿಡಿದರು. ಕೈಗೆ ಸಿಕ್ಕಿದಷ್ಟು ಕಟ್ಟುಗಳನ್ನು ಎಳೆದು, ಸಿಗದವುಗಳಿಗೆ ತುಳುವಿನಲ್ಲಿ ಬೈದು, ಅತ್ತೆ ಉಸ್ಸೆಂದರು. ಉಪ್ಪುನೀರಿನ ಆ ಎಲೆಯನ್ನೂ ತಿನ್ನುವಂತಿಲ್ಲವೆಂದು ಅವರಿಗೂ ಗೊತ್ತಿತ್ತು. ಆದರೆ ಮಗ ತಂದ ಸೊಪ್ಪು ಕಣ್ಣೆದುರು ತೇಲಿಹೋಗುವುದನ್ನು ಸುಮ್ಮನೆ ನೋಡುವುದು ಅವರಿಂದ ಆಗುವ ಕೆಲಸವಲ್ಲ.

ಎಲ್ಲ ಮುಗಿದ ಮೇಲೆ ತಾವು ಹೇಗೆ ಕೂತಿದ್ದೇವೆಂದು ಅವರಿಗೆ ಗೊತ್ತಾಯಿತು. ಮುಖ ಬಿಳಿಚಿತು. ಒಂದು ಕ್ಷಣ ಕಲ್ಲನ್ನು ನೋಡಿದರು, ನೀರನ್ನು ನೋಡಿದರು. ಮಗ ಪಕ್ಕದಲ್ಲೇ ಚೀಲ ಹಿಡಿದು ನಿಂತಿದ್ದರು. ಅತ್ತೆ ಕೈ ಚಾಚಿದ್ದು ಮೇಲಕ್ಕೆ, ನನ್ನ ಕಡೆಗೆ. ನಾನು ಇಳಿದು ಎರಡೂ ಕೈ ಹಿಡಿದು, "ಸಾವಕಾಶ ಅತ್ತಿ, ನಾ ಅದೀನಿ" ಎಂದೆ. ಅವರ ಹಿಡಿತ ನನ್ನ ಬಳೆ ಒತ್ತುವಷ್ಟು ಗಟ್ಟಿಯಾಗಿತ್ತು. ಎದ್ದು ನಿಂತರು. ನಿಂತ ಮೇಲೂ ಕೈ ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ.

ಏರಿಯ ಮೇಲೆ ವಾಪಸು ನಡೆಯುವಾಗ ಮಳೆ ಹನಿಯುತ್ತಿತ್ತು. ಗಂಡ ಚೀಲದಿಂದ ನೀರು ಸುರಿಸಿಕೊಂಡು ಮುಂದೆ ಹೋಗುತ್ತ, ಸಿಕ್ಕ ಸಿಕ್ಕ ವಾಕಿಂಗಿನವರಿಗೆಲ್ಲ ನಮಸ್ಕಾರ ಮಾಡುತ್ತಿದ್ದರು. ಅತ್ತೆ ನನ್ನ ಜೊತೆ ನಡೆಯುತ್ತ ಹೇಳಿದರು, "ಇನ್ನು ಅವನ ಹತ್ರ ಟಿಕೇಟು ಮಾಡ್ಲಿಕ್ಕೆ ಹೇಳು. ಕಾಲು ಸರಿಯಾಯ್ತಲ್ಲ. ಎಷ್ಟು ದಿನ ಅಂತ ನಿನ್ನ ಅಡಿಗೆಕೋಣೆಯಲ್ಲಿ ಕೂರುದು ನಾನು?"

ಈ ಮಾತನ್ನು ಕೇಳಲು ನಾನು ಇಡೀ ಮಳೆಗಾಲ ಕಾದಿದ್ದೆ. ಅಟ್ಟದ ಮೇಲಿದ್ದ ಚಟ್ನಿಪುಡಿಯ ಡಬ್ಬಿ 'ಇಳಿಸು' ಎಂದು ಕರೆದಂತಾಯಿತು. ಟಿಕೇಟು, ಸ್ಟೇಶನ್ನು, ಆಮೇಲೆ ಖಾಲಿಯಾದ ಆ ಕುರ್ಚಿ, ಎಲ್ಲ ಒಮ್ಮೆ ಕಣ್ಣೆದುರು ಬಂತು. ಭಾನುವಾರ ಬೆಳಿಗ್ಗೆ ಚೀಲ ಹಿಡಿದು ಬಾಗಿಲಲ್ಲಿ ಯಾರೂ ನಿಂತಿರುವುದಿಲ್ಲ. ನನಗೆ ಸಂಕಟವಾಯಿತು, ಅದನ್ನು ಬೇರೆ ಹೆಸರಿನಿಂದ ಕರೆಯಲು ನನಗೆ ಬರುವುದಿಲ್ಲ.

"ಎಲ್ಲಿ ಸರಿ ಆಗೇತ್ರೀ ಅತ್ತಿ?" ಎಂದೆ. "ಇನ್ನೂ ಕುಂಟಾಕತ್ತೀರಿ ನೀವು."

ಅತ್ತೆ ನಿಂತರು. ನನ್ನ ಮುಖವನ್ನು ದಿಟ್ಟಿಸಿ ನೋಡಿದರು. ನಾನು ಸುಳ್ಳು ಹೇಳುವುದರಲ್ಲಿ ಎಷ್ಟು ಕೆಟ್ಟವಳೆಂದು ಅವರು ಈಗಷ್ಟೇ ಹೇಳಿದ್ದರು.

"ಹೌದಾ?" ಎಂದರು. "ಕುಂಟ್ತೇನಾ?"

"ಹೂಂನ್ರೀ. ದೀಪಾವಳಿ ತನಕ ಆದ್ರೂ ಕುಂಟ್ತೀರಿ ಅನ್ನಸ್ತದ ನನಗ."

ಅತ್ತೆ ಕಂಕುಳಲ್ಲಿದ್ದ ಊರುಗೋಲನ್ನು ತೆಗೆದು ನೆಲಕ್ಕೆ ಊರಿದರು. ಮುಂದೆ ನಡೆದರು. ನಾಲ್ಕಾರು ಹೆಜ್ಜೆ ಹಾಕಿದ ಮೇಲೆ ನೆನಪಾದವರಂತೆ ಕುಂಟತೊಡಗಿದರು. ಚೆನ್ನಾಗಿಯೇ ಕುಂಟುತ್ತಿದ್ದರು, ಎದುರಿಗೆ ಬಂದ ಟ್ರ್ಯಾಕ್‌ಸೂಟಿನ ಹೆಂಗಸು ಪಾಪ ಎಂದು ದಾರಿ ಬಿಟ್ಟು ನಿಂತರು.

ಮಗಳು ನನ್ನ ಸೆರಗು ಜಗ್ಗಿದಳು. "ಮಮ್ಮೀ," ಎಂದಳು, ಸಂಶೋಧಕಿಯ ಗಂಭೀರ ದನಿಯಲ್ಲಿ, ಅಜ್ಜಿ ಎಳೆಯುತ್ತಿದ್ದ ಎಡಗಾಲನ್ನು ತೋರಿಸಿ, "ಟೂಟಾ ತೋ ರೈಟ್ ಪೈರ್ ಥಾ ನಾ? ಅಜ್ಜೀ ಲೆಫ್ಟ್ ಸೇ ಲಂಗಡಾ ರಹೀ ಹೈ."

ನಾನು ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಖಾಡಿಯ ಕಡೆಗೆ ತಿರುಗಿಸಿ, "ನೀ ಹಕ್ಕಿ ನೋಡ" ಎಂದೆ.